ರಾಬರ್ಟ್‌ಸನ್‌ಪೇಟೆಯ ಓದುಗ ಯಾವ ಕಪಾಟಿನವನು?

ಕೆ.ಜಿ.ಎಫ್.ನವರು ಎಂದು ಹೇಳಿಕೊಂಡರೆ ನಮಗೆ ಎದುರಾಗುವ ಪ್ರಶ್ನೆಗಳು ಎರಡೇ. ಮೊದಲನೆಯದು ಸಿನಿಮಾದ್ದು. ಎರಡನೆಯದು ನಾವು ಪುಸ್ತಕದ ಮಾತೆತ್ತಿದಾಗ ಬರುವಂಥದ್ದು: 'ಅಲ್ಲೂ ಓದುವವರಿದ್ದಾರಾ? ಅದೂ ಕನ್ನಡ?' ಮೊದಲ ಪ್ರಶ್ನೆಗೆ ನಕ್ಕು ಸುಮ್ಮನಾಗಬಹುದು. ಎರಡನೆಯದಕ್ಕೆ ಸುಮ್ಮನಿರಲು ಆಗುವುದಿಲ್ಲ. ಏಕೆಂದರೆ ಅದನ್ನು ಕೇಳುವವರು ದಾರಿಹೋಕರಲ್ಲ. ಪುಸ್ತಕ ಬರೆಯುವವರು, ಪ್ರಕಟಿಸುವವರು, ಗ್ರಂಥಾಲಯಗಳಿಗೆ ಪುಸ್ತಕ ಆರಿಸುವವರು, ಸಮ್ಮೇಳನದ ವೇದಿಕೆಯಲ್ಲಿ ನಿಂತು 'ಓದುಗರೇ ಇಲ್ಲವಾಗುತ್ತಿದ್ದಾರೆ' ಎಂದು ಗಂಟಲು ಕಟ್ಟಿಸಿಕೊಳ್ಳುವವರು.

2018ರಲ್ಲಿ ಒಂದು, 2022ರಲ್ಲಿ ಇನ್ನೊಂದು, ಹೀಗೆ ನಮ್ಮ ಊರಿನ ಹೆಸರು ಹೊತ್ತ ಎರಡು ಸಿನಿಮಾಗಳು ಬಂದು ದೇಶವನ್ನೆಲ್ಲ ಗೆದ್ದವು. ಗಣಿಯ ತ್ಯಾಜ್ಯ ಬಿದ್ದು ಬೆಳೆದ ಸೈನೈಡ್ ದಿಬ್ಬಗಳ ಮೇಲೆ ಕ್ಯಾಮೆರಾ ನಿಂತಿತು. ಧೂಳು ಚೆನ್ನಾಗಿ ಕಂಡಿತು. ಆ ಧೂಳನ್ನು ನೂರು ವರ್ಷ ಉಸಿರಾಡಿದ ಜನ ಮಾತ್ರ ಅಡಿಯಾಳುಗಳ ಗುಂಪಾಗಿ ಕಂಡರು. ತಮ್ಮದೇ ಆದ ಮಾತಿಲ್ಲದ, ಯಾರೋ ಬಂದು ಬಿಡಿಸಲಿ ಎಂದು ಕಾಯುವ ಗುಂಪು. ಸಿನಿಮಾ ಸಿನಿಮಾವೇ, ಅದರ ಮೇಲೆ ನಮಗೆ ಜಗಳವಿಲ್ಲ. ಆದರೆ ಸಾಹಿತ್ಯದವರು, ಸಂಸ್ಕೃತಿಯ ವಾರಸುದಾರರು ಎಂದು ಹೇಳಿಕೊಳ್ಳುವವರು ನಮ್ಮ ಊರಿನ ಬಗ್ಗೆ ಇಟ್ಟುಕೊಂಡಿರುವ ಚಿತ್ರವೂ ಅದೇ ಆಗಿದ್ದರೆ ಜಗಳ ಮಾಡಲೇಬೇಕಾಗುತ್ತದೆ.

ನಾವು ಎಂದರೆ ಸಂಘ ಸಂಸ್ಥೆಯಲ್ಲ. ರಿಜಿಸ್ಟರ್ ಆಗಿಲ್ಲ, ಲೆಟರ್‌ಹೆಡ್ ಇಲ್ಲ, ಅಧ್ಯಕ್ಷರೂ ಇಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಚದುರಿಕೊಂಡಿರುವ ಹತ್ತು ಹನ್ನೆರಡು ಮಂದಿ. ಗಣಿಯಲ್ಲಿ ದುಡಿದು ಈಗ ಮನೆಯಲ್ಲಿರುವ ಹಿರಿಯರಿದ್ದಾರೆ. ಮೇಷ್ಟ್ರಿದ್ದಾರೆ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವ ಹೆಣ್ಣುಮಕ್ಕಳಿದ್ದಾರೆ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಹುಡುಗರಿದ್ದಾರೆ. ಮನೆಮಾತು ತಮಿಳು, ಉರ್ದು, ತೆಲುಗು, ಕನ್ನಡ. ನಮ್ಮನ್ನು ಒಟ್ಟು ಮಾಡಿರುವುದು ಒಂದೇ ಚಟ. ಕೈಗೆ ಸಿಕ್ಕ ಪುಸ್ತಕವನ್ನು ಬಿಡದೆ ಓದುವುದು, ಓದಿದ್ದನ್ನು ಇನ್ನೊಬ್ಬರ ಕೈಗೆ ದಾಟಿಸುವುದು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ಬಂದದ್ದು, ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಕ್ಕಿದ್ದು, ಯಾರದೋ ಮದುವೆಗೆ ಉಡುಗೊರೆಯಾಗಿ ಬಂದು ಕಟ್ಟು ಬಿಚ್ಚದೆ ಬಿದ್ದದ್ದು, ಎಲ್ಲವೂ ನಡೆಯುತ್ತದೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಮನೆ ಖಾಲಿ ಮಾಡಿ ಹೋದ ಎಷ್ಟೋ ಕುಟುಂಬಗಳ ಪುಸ್ತಕಗಳು ಈ ಗುಜರಿ ಅಂಗಡಿಗಳ ದಾರಿಯಿಂದಲೇ ನಮ್ಮ ಬಳಿಗೆ ಬಂದವು. ಸಂತೋಷಪಡುವ ಸಂಗತಿಯಲ್ಲ, ಆದರೂ ಹೇಳಬೇಕಾದ್ದು.

ಹೀಗೆ ಓದುವವರಿಗೆ ಪುಸ್ತಕ ಸಿಗುವ ಬಗೆ ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ನಮ್ಮ ಬಳಗದ ಹಿರಿಯರೊಬ್ಬರು, ದಶಕಗಳ ಕಾಲ ನೆಲದ ಕೆಳಗೆ ದುಡಿದವರು, ಗುಜರಿ ಅಂಗಡಿಯೊಂದರಲ್ಲಿ 'ಹಸುರು ಹೊನ್ನು' ಎಂಬ ಪುಸ್ತಕ ಎತ್ತಿಕೊಂಡರು. ಹೊನ್ನು ಎಂದಿದೆಯಲ್ಲ, ನಮ್ಮ ಗಣಿಯ ಕತೆ ಇರಬೇಕು ಎಂದು. ಮನೆಗೆ ತಂದು ತೆರೆದರೆ ಒಳಗಿರುವುದು ಗಿಡ, ಮರ, ಬಳ್ಳಿ! ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದ ಕತೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ ಅದು ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರುವ ಅಗತ್ಯವೂ ಇರಲಿಲ್ಲ. ಸಸ್ಯಶಾಸ್ತ್ರವನ್ನು ನಗುನಗುತ್ತ ಹೇಳಬಹುದು ಎಂಬುದೇ ಅವರಿಗೆ ಹೊಸದು. ಅಲ್ಲಿಂದ ಅವರು 'ಕರ್ವಾಲೊ'ಗೆ ಹೋದರು. ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಆ ಕಾದಂಬರಿ ವಿಜ್ಞಾನವೋ, ಬೇಟೆಯ ಕತೆಯೋ, ಅಧ್ಯಾತ್ಮವೋ ಎಂದು ವಿಮರ್ಶಕರು 1980ರಿಂದ ಚರ್ಚಿಸುತ್ತಿದ್ದಾರೆ. ನಮ್ಮ ಹಿರಿಯರಿಗೆ ಆ ಚರ್ಚೆಯ ತಂಟೆ ಬೇಕಾಗಲಿಲ್ಲ. ಮಂದಣ್ಣನಂಥವರು ಗಣಿಯೊಳಗೂ ಇದ್ದರು, ಎಂಜಿನಿಯರಿಗೆ ಗೊತ್ತಿಲ್ಲದ ಬಂಡೆಯ ಬುದ್ಧಿ ಅವರಿಗೆ ಗೊತ್ತಿತ್ತು ಎಂದರು. ಆಮೇಲೆ ತೇಜಸ್ವಿಯವರು ಕೆನೆತ್ ಆಂಡರ್ಸನ್‌ನಿಂದ ಕನ್ನಡಕ್ಕೆ ತಂದ ಕಾಡಿನ ಕತೆಗಳು, ಆಮೇಲೆ ಕಾರಂತರ ವಿಜ್ಞಾನದ ಸಂಪುಟಗಳು. ಒಂದು ತಪ್ಪು ಎಣಿಕೆಯಿಂದ ಶುರುವಾದ ಓದು ಎಷ್ಟು ದೂರ ಹೋಯಿತು ನೋಡಿ. ಹೊನ್ನನ್ನು ಇತಿಹಾಸದ ಕಪಾಟಿನಲ್ಲಿ, ಹಸುರನ್ನು ಸಸ್ಯಶಾಸ್ತ್ರದ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಇನ್ನೊಬ್ಬರದು ಬೇರೆ ದಾರಿ. ಉರ್ದು ಮನೆಮಾತಿನ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಣ್ಣುಮಗಳು. ಆಕೆಗೆ ಕನ್ನಡ ಓದುವುದನ್ನು ನಿಜವಾಗಿ ಕಲಿಸಿದವರು ಶಾಲೆಯವರಲ್ಲ, ತ್ರಿವೇಣಿ ಮತ್ತು ಸಾಯಿಸುತೆ. ಪಕ್ಕದ ಮನೆಯಿಂದ ತಂದ ಕಾದಂಬರಿಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಕೆಲವು ವರ್ಷಗಳ ನಂತರ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೈಗೆ ಬಂದಾಗ ಅದನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸುವಷ್ಟು ಕನ್ನಡ ಆಕೆಗೆ ಬಂದಿತ್ತು. ಕಾಸರಗೋಡಿನ ನಾದಿರಾಳ ಸಂಕಟ ಆಂಡರ್ಸನ್‌ಪೇಟೆಯ ಮನೆಯೊಂದಕ್ಕೆ ಬಂದು ಮುಟ್ಟಿದ್ದು ಹೀಗೆ. ಈಗ ಆಕೆ ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಓದುತ್ತಿದ್ದಾರೆ. ಹಾಗೆಯೇ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಕನ್ನಡಕ್ಕೆ ಬಂದವರು ನಮ್ಮಲ್ಲಿ ಮೂವರಿದ್ದಾರೆ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಆ ಮನುಷ್ಯ ಕನ್ನಡಕ್ಕೆ ಸಂಪಾದಿಸಿ ಕೊಟ್ಟ ಓದುಗರ ಸಂಖ್ಯೆ ಎಷ್ಟೋ ವಿಚಾರ ಸಂಕಿರಣಗಳು ಸೇರಿದರೂ ಆಗದು. ಆದರೆ ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಸಿಗುವುದು ಒಂದು ಸಾಲು. ಅದೂ 'ಜನಪ್ರಿಯ' ಎಂಬ, ಹೊಗಳಿಕೆಯಂತೆ ಕಾಣುವ ಬೈಗುಳದ ಜೊತೆಗೆ.

ನಮ್ಮ ವಾದ ಇಷ್ಟೇ. ಓದು ಬೆಳೆಯುವುದು ಕಪಾಟಿನಿಂದ ಕಪಾಟಿಗೆ ದಾಟುವುದರಿಂದ. ಆ ದಾಟುವಿಕೆಯನ್ನು ತಡೆಯುವವರೇ ಓದುಗರಿಲ್ಲ ಎಂದು ಅಳುತ್ತಿದ್ದಾರೆ. ಅವರು ಗೋಡೆ ಕಟ್ಟಿರುವುದು ಒಂದು ಕಡೆಯಲ್ಲ. ಗಂಭೀರ ಮತ್ತು ಜನಪ್ರಿಯದ ನಡುವೆ ಒಂದು ಗೋಡೆ, ಭಾಷೆ ಭಾಷೆಗಳ ನಡುವೆ ಒಂದು, ಜಾತಿ ಧರ್ಮಗಳ ನಡುವೆ ಮತ್ತೊಂದು.

ಸಾರ್ವಜನಿಕ ಗ್ರಂಥಾಲಯದಿಂದಲೇ ಶುರು ಮಾಡೋಣ. ಕರ್ನಾಟಕದಲ್ಲಿ ಗ್ರಂಥಾಲಯಕ್ಕಾಗಿ 1965ರಲ್ಲೇ ಕಾಯ್ದೆ ಆಯಿತು. ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿ ಗ್ರಂಥಾಲಯ ಕರ ಸೇರುತ್ತದೆ. ಇದು ಸರ್ಕಾರದ ದಾನವಲ್ಲ, ನಮ್ಮ ಹಣ. 2011ರ ಜನಗಣತಿಯಲ್ಲಿ ಒಂದು ಲಕ್ಷ ಅರವತ್ತೆರಡು ಸಾವಿರ ಜನರಿದ್ದ ಊರು ನಮ್ಮದು. ಇಲ್ಲಿನ ಗುಡಿಸಲಿನವರೂ ಅಂಗಡಿಯವರೂ ಒಂದಲ್ಲ ಒಂದು ರೀತಿಯಲ್ಲಿ ಇದನ್ನು ಕೊಡುತ್ತಾರೆ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಸಕಾಲಕ್ಕೆ ಕಟ್ಟದೆ ಬಾಕಿ ಇಟ್ಟುಕೊಳ್ಳುವುದು ರಾಜ್ಯದ ಹಳೆಯ ಕಾಯಿಲೆ. ಇಲಾಖೆ ಪುಸ್ತಕ ಕೊಳ್ಳುವುದು ಸಗಟು ಖರೀದಿಯಲ್ಲಿ. ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿ ಹೋದರೆ ಪ್ರಕಾಶಕನ ಖರ್ಚು ಹುಟ್ಟುತ್ತದೆ. ಸಾವಿರ ಪ್ರತಿ ಅಚ್ಚಾಗುವುದೇ ಅಪರೂಪವಾದ ಕನ್ನಡದಲ್ಲಿ ಇದರ ಅರ್ಥವೇನು? ಪುಸ್ತಕದ ಮೊದಲ ಓದುಗ ಆಯ್ಕೆ ಸಮಿತಿ, ಬಹಳಷ್ಟು ಸಲ ಕೊನೆಯ ಓದುಗನೂ ಅದೇ. ರಾಯಚೂರಿಗೂ ರಾಬರ್ಟ್‌ಸನ್‌ಪೇಟೆಗೂ ಒಂದೇ ಕಟ್ಟು ಬರುತ್ತದೆ. ಈ ಊರಿನಲ್ಲಿ ಯಾರು ಏನು ಓದುತ್ತಾರೆ ಎಂದು ಕೇಳಲು ಯಾರೂ ಬರುವುದಿಲ್ಲ.

ನಾವು ಹೋಗುತ್ತಿದ್ದ ಒಂದು ಗ್ರಂಥಾಲಯದಲ್ಲಿ ಕಾದಂಬರಿಗಳ ಕಪಾಟಿಗೆ ಬೀಗ ಬಿದ್ದಿತ್ತು. ಬೀಗದ ಕೈ ಯಾರ ಬಳಿ ಇದೆ ಎಂಬುದಕ್ಕೆ ವಾರಕ್ಕೊಂದು ಉತ್ತರ. ಮೇಜುಗಳ ಮೇಲೆ ಮಾತ್ರ ಜಾಗವಿಲ್ಲ. ಎಫ್.ಡಿ.ಎ., ಎಸ್.ಡಿ.ಎ., ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗಳ ಗೈಡುಗಳನ್ನು ಹರಡಿಕೊಂಡ ಹುಡುಗ ಹುಡುಗಿಯರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಗಣಿ ಮುಚ್ಚಿದ ಊರಿನಲ್ಲಿ ಕೆಲಸದ ಚಿಂತೆ ಎಷ್ಟಿದೆ ಎಂಬುದನ್ನು ಬೇರೆಯವರು ನಮಗೆ ಹೇಳಬೇಕಾಗಿಲ್ಲ. ಆದರೆ ಗ್ರಂಥಾಲಯವೆಂದರೆ ಪರೀಕ್ಷೆಯ ಕೋಣೆ ಎಂದಷ್ಟೇ ತಿಳಿದು ಬೆಳೆಯುವ ಆ ಮಕ್ಕಳ ಕಣ್ಣಿಗೆ ಬೀಗದ ಹಿಂದಿನ ಪುಸ್ತಕ ಬೀಳುವುದು ಯಾವಾಗ? 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ವಾತಾವರಣದಿಂದ ಬಂದ ನ್ಯೂಟ್ರಿನೋಗಳನ್ನು ಗುರುತಿಸಿದ್ದು ಈ ಮಕ್ಕಳ ಕಾಲಡಿಯ ನೆಲದಲ್ಲಿ, ನಮ್ಮ ಗಣಿಯ ಆಳದಲ್ಲಿ. ಭೌತಶಾಸ್ತ್ರದ ಚರಿತ್ರೆಯಲ್ಲಿ ದಾಖಲಾದ ಸಂಗತಿ. ಅದನ್ನು ಹತ್ತನೇ ಕ್ಲಾಸಿನ ಹುಡುಗಿಗೆ ಕತೆಯಂತೆ ಹೇಳುವ ಒಂದು ಕನ್ನಡ ಪುಸ್ತಕಕ್ಕಾಗಿ ನಾವು ಇನ್ನೂ ಹುಡುಕುತ್ತಲೇ ಇದ್ದೇವೆ. ಗೈಡಿನಲ್ಲಿ ಅದು ಒಂದು ಅಂಕದ ಪ್ರಶ್ನೆಯಾಗಿ ಬಂದರೂ ಬಂದೀತು.

ಈಗ ಭಾಷೆಯ ಗೋಡೆಗೆ ಬರೋಣ. 'ಕೆ.ಜಿ.ಎಫ್.ನಲ್ಲಿ ಕನ್ನಡವೇ ಇಲ್ಲ, ಎಲ್ಲ ತಮಿಳರು' ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆ ತಮಿಳರು ಯಾರು, ಏಕೆ ಬಂದರು, ಬಂದು ಏನು ಮಾಡಿದರು ಎಂದು ಕೇಳುವ ತಾಳ್ಮೆ ಮಾತ್ರ ಈ ಮಾತಾಡುವವರಿಗಿಲ್ಲ. 1880ರ ನಂತರ ಜಾನ್ ಟೇಲರ್ ಕಂಪನಿಯ ಗಣಿಗಳಿಗೆ ಉತ್ತರ ಆರ್ಕಾಟಿನ ಕಡೆಯಿಂದ ಬಂದವರಲ್ಲಿ ಹೆಚ್ಚಿನವರು ಅಸ್ಪೃಶ್ಯರೆನಿಸಿಕೊಂಡ ಜನ. ಊರಿನ ಬಾವಿಯ ನೀರು ಸಿಗದವರು ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಒಡೆದರು. ಬಿಳಿಯರಿಗೆ ಬಂಗಲೆ, ಕ್ಲಬ್ಬು. ಇವರಿಗೆ ತಟ್ಟಿ ಮನೆಗಳ ಲೈನುಗಳು. ಆ ಲೈನುಗಳಲ್ಲಿ ಏನು ನಡೆಯುತ್ತಿತ್ತು ಗೊತ್ತೆ? ಓದು ನಡೆಯುತ್ತಿತ್ತು.

ಅಯೋತ್ತಿದಾಸ ಪಂಡಿತರ ಹೆಸರು ಕನ್ನಡದಲ್ಲಿ ಎಷ್ಟು ಜನ ಕೇಳಿದ್ದಾರೆ? ಸಿದ್ಧ ವೈದ್ಯರಾಗಿದ್ದ ಈ ದಲಿತ ಚಿಂತಕ 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ತೆಗೆದರು. ಬೆಲೆಯೇ ಹೆಸರಾದ ಪತ್ರಿಕೆ. ಅದರಲ್ಲಿ ಏನಿರಲಿಲ್ಲ! ರಾಜಕೀಯವಿತ್ತು, ಬುದ್ಧನ ಚರಿತ್ರೆಯಿತ್ತು, ತಮಿಳು ವ್ಯಾಕರಣವಿತ್ತು, ತಿರುಕ್ಕುರಳಿನ ವ್ಯಾಖ್ಯಾನವಿತ್ತು, ಮದ್ದಿನ ವಿಷಯವಿತ್ತು, ಓದುಗರ ಪ್ರಶ್ನೆಗಳಿಗೆ ಉತ್ತರವಿತ್ತು. ಇಂದಿನ ನಮ್ಮ ಕಪಾಟುಗಾರರು ಅದನ್ನು ಯಾವ ವಿಭಾಗದಲ್ಲಿ ಇಡುತ್ತಿದ್ದರೋ! ಆ ಸಂಘದ ಬಲವಾದ ಶಾಖೆ ಇದ್ದದ್ದು ಮಾರಿಕುಪ್ಪಂನಲ್ಲಿ. ಚಿನ್ನದ ಗಣಿಯ ಸಿದ್ಧಾರ್ಥ ಪುಸ್ತಕಶಾಲೆ ಬೌದ್ಧ ಗ್ರಂಥಗಳನ್ನು ಹೊರತಂದಿತು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ ಪತ್ರಿಕೆ ಸೊರಗಿತು. ಅದು 1926ರಲ್ಲಿ ಮರುಹುಟ್ಟು ಪಡೆದದ್ದು ಮದರಾಸಿನಲ್ಲಲ್ಲ, ಇಲ್ಲಿ, ಕೋಲಾರ ಚಿನ್ನದ ಗಣಿಯಲ್ಲಿ, ಜಿ. ಅಪ್ಪಾದುರೈಯವರ ಕೈಯಲ್ಲಿ. 1930ರ ದಶಕದಲ್ಲೂ ಅದು ನಡೆಯಿತು.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿಯನ್ನಿಟ್ಟು ನೋಡಬೇಕು. 1930ರಲ್ಲಿ ಕಂಪನಿಯವರು ಕಾರ್ಮಿಕರೆಲ್ಲರ ಬೆರಳಿನ ಗುರುತು ತೆಗೆದುಕೊಂಡು ನೋಂದಾಯಿಸಲು ಹೊರಟರು. ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕೂಲಿ ಹೆಚ್ಚಿಸಿ ಎಂದಲ್ಲ. ಕಳ್ಳರಿಗೆ ಮಾಡುವುದನ್ನು ನಮಗೆ ಮಾಡಬೇಡಿ ಎಂದು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಕಾರ್ಮಿಕರ ಬಗ್ಗೆ ಬರೆದು 1998ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಗಣಿಯ ಈ ಕತೆಗಳು ಸಿಗುತ್ತವೆ. ಕನ್ನಡದಲ್ಲಿ ಓದು ಬಾರದವರನ್ನು ಹೆಬ್ಬೆಟ್ಟು ಎಂದು ಕರೆಯುತ್ತೇವೆ. ಹೆಬ್ಬೆಟ್ಟುಗಳೆಂದು ಕಂಪನಿ ತಿಳಿದ ಜನ ಬೆರಳು ಒತ್ತಲು ಒಪ್ಪಲಿಲ್ಲ. ಅದೇ ವರ್ಷಗಳಲ್ಲಿ ಅವರದೇ ಕೇರಿಗಳಿಂದ ಪತ್ರಿಕೆ ಹೊರಡುತ್ತಿತ್ತು. ಈ ಎರಡು ಸಂಗತಿಗಳಿಗೆ ಸಂಬಂಧವಿಲ್ಲ ಎಂದು ಯಾರಾದರೂ ಹೇಳುವುದಾದರೆ ಹೇಳಲಿ, ನಾವು ನಂಬುವುದಿಲ್ಲ. ಓದುವ ಅಭ್ಯಾಸ ಬಂದವನಿಗೆ ಅವಮಾನ ಬೇಗ ಗೊತ್ತಾಗುತ್ತದೆ.

ಹೀಗಿರುವ ಊರನ್ನು ಹಿಡಿದುಕೊಂಡು 'ಅಲ್ಲೂ ಓದುವವರಿದ್ದಾರಾ' ಎಂದು ಕೇಳುತ್ತಾರೆ. 1999ರಲ್ಲಿ ಜ್ಞಾನ ಅಲೋಶಿಯಸ್ ಅವರು ಸಂಪಾದಿಸಿದ ಅಯೋತ್ತಿದಾಸರ ಬರಹಗಳ ಎರಡು ಸಂಪುಟ ಪಾಳಯಂಕೋಟೆಯಿಂದ ಬಂದ ಮೇಲೆ ತಮಿಳುನಾಡಿನ ಚಿಂತನೆಯ ಚರಿತ್ರೆಯನ್ನೇ ಮತ್ತೆ ಬರೆಯುವ ಕೆಲಸ ಶುರುವಾಯಿತು. ಆ ಚರಿತ್ರೆಯ ಒಂದು ಮುಖ್ಯ ನೆಲೆ ಕರ್ನಾಟಕದಲ್ಲಿದೆ. ಆದರೂ ಕನ್ನಡದ ದಲಿತ ಸಾಹಿತ್ಯ ಚರ್ಚೆಯಲ್ಲಿ ಮಾರಿಕುಪ್ಪಂನ ಹೆಸರು ನಮ್ಮ ಕಿವಿಗೆ ಬಿದ್ದದ್ದು ತೀರಾ ಅಪರೂಪ. ಕಾರಣ ಸರಳ. ಅದು ತಮಿಳಿನಲ್ಲಿತ್ತು. ತಮಿಳಿನದು ತಮಿಳಿನ ಕಪಾಟಿಗೆ.

ಗಡಿಯ ಈ ಗೋಡೆಯನ್ನು ಕಾಯುವವರಿಗೆ ಪಕ್ಕದ ಮಾಲೂರು ತಾಲ್ಲೂಕನ್ನು ನೆನಪಿಸಬೇಕಾಗಿದೆ. ಅಲ್ಲಿನ ಮಾಸ್ತಿಯವರ ಮನೆಮಾತು ತಮಿಳು. ಕೈಲಾಸಂ, ಪುತಿನ ಅವರ ಮನೆಗಳದೂ ಅದೇ. ಬೇಂದ್ರೆಯವರದು ಮರಾಠಿ. 'ನಿತ್ಯೋತ್ಸವ' ಕೊಟ್ಟ ನಿಸಾರ್ ಅಹಮದ್ ಅವರ ಮನೆಮಾತು ಉರ್ದು, ಕಲಿತದ್ದು ಭೂವಿಜ್ಞಾನ. ಕಲ್ಲು ಬಂಡೆಗಳ ಪಾಠ ಮಾಡುತ್ತಲೇ ಕವಿತೆ ಬರೆದವರು. ಇವರೆಲ್ಲ ಒಂದೇ ಭಾಷೆಯ ಕಪಾಟಿನಲ್ಲಿ ಬೆಳೆದಿದ್ದರೆ ಕನ್ನಡಕ್ಕೆ ಸಿಗುತ್ತಿದ್ದರೆ? ನೇಮಿಚಂದ್ರ ಅವರ 'ಯಾದ್ ವಶೇಮ್' ಕಾದಂಬರಿಯನ್ನು ಕೆ. ನಲ್ಲತಂಬಿಯವರು ತಮಿಳಿಗೆ ತಂದಿದ್ದಾರೆ. ನಮ್ಮ ಬಳಗದ ಒಂದು ಮನೆಯಲ್ಲಿ ಮಗ ಅದನ್ನು ಕನ್ನಡದಲ್ಲಿ ಓದಿದ, ತಾಯಿ ತಮಿಳಿನಲ್ಲಿ ಓದಿದರು. ಯಹೂದಿ ಹುಡುಗಿಯೊಬ್ಬಳು ತನ್ನವರನ್ನು ಕಳೆದುಕೊಂಡು ಬೆಂಗಳೂರು ಸೇರಿದ ಕತೆಯನ್ನು ಅಮ್ಮ ಮಗ ಒಂದು ತಿಂಗಳು ಊಟದ ಹೊತ್ತಿನಲ್ಲಿ ಮಾತಾಡಿದರಂತೆ. ಕನ್ನಡವನ್ನು ಈ ಊರಿನಲ್ಲಿ ಉಳಿಸಬೇಕೆಂದು ಬೋರ್ಡಿಗೆ ಮಸಿ ಬಳಿಯುವವರು ಒಮ್ಮೆ ಆ ಊಟಕ್ಕೆ ಹೋಗಿ ಕೂರಬೇಕು.

ನಮ್ಮ ಮನೆಗಳೊಳಗಿನ ಗೋಡೆಯನ್ನು ಬಿಟ್ಟು ಹೊರಗಿನದನ್ನಷ್ಟೇ ಬೈಯುವುದು ನ್ಯಾಯವಲ್ಲ. ಮುಸ್ಲಿಂ ಮನೆಗಳಲ್ಲಿ ಓದು ಎರಡು ತುಂಡಾಗಿದೆ: ದೀನಿನ ಓದು, ನೌಕರಿಯ ಓದು. ಒಂದು ಉರ್ದುವಿನಲ್ಲಿ ಅಥವಾ ಅರಬ್ಬಿಯಲ್ಲಿ, ಇನ್ನೊಂದು ಇಂಗ್ಲಿಷ್ ಅಥವಾ ಕನ್ನಡದಲ್ಲಿ. ಇವೆರಡರ ನಡುವೆ ಕತೆ, ಕವಿತೆ, ಪ್ರವಾಸ, ನಗು, ಹುಡುಕಾಟ ಇರುವ ಓದಿಗೆ ಜಾಗವೇ ಇಲ್ಲ. ಹುಡುಗ ಕಾದಂಬರಿ ಹಿಡಿದರೆ ಕಾಲಹರಣ, ಹುಡುಗಿ ಹಿಡಿದರೆ ಕೆಟ್ಟುಹೋದಳು. ಉರ್ದು ನಮ್ಮ ಪ್ರಾಣ ಎನ್ನುವ ಎಷ್ಟು ಮನೆಗಳಲ್ಲಿ ಮಂಟೋನ ಕತೆಗಳಿವೆ, ಇಸ್ಮತ್ ಚುಗ್ತಾಯಿ ಇದ್ದಾರೆ? ಮಹಮೂದ್ ಅಯಾಜ್ ಅವರು ಬೆಂಗಳೂರಿನಿಂದಲೇ 'ಸೌಗಾತ್' ಎಂಬ ಪತ್ರಿಕೆ ನಡೆಸಿ ಇಡೀ ಉರ್ದು ಲೋಕದ ಹೊಸ ಸಾಹಿತ್ಯವನ್ನು ಅದರಲ್ಲಿ ತಂದರು. ಬಂಗಾರಪೇಟೆಯಲ್ಲಿ ಉರ್ದು ಬಲ್ಲ ನಾಲ್ವರು ಹಿರಿಯರನ್ನು ಆ ಹೆಸರು ಹೇಳಿ ಕೇಳಿದೆವು, ನಾಲ್ವರೂ ಕೇಳಿರಲಿಲ್ಲ. ಭಾಷೆಯನ್ನು ಗುರುತಿನ ಚೀಟಿಯಂತೆ ಕಿಸೆಯಲ್ಲಿಟ್ಟುಕೊಂಡು ಅದರ ಪುಸ್ತಕಗಳನ್ನು ಮಾತ್ರ ಮುಟ್ಟದಿರುವುದು ಎಂಥ ಪ್ರೀತಿ?

ಧರ್ಮದ ಕಪಾಟು ಹೊರಗಿನವರ ಕೈಯಲ್ಲಿ ಇನ್ನೂ ವಿಚಿತ್ರವಾಗಿ ಕೆಲಸ ಮಾಡುತ್ತದೆ. ಮೈಸೂರಿನ ಸಂಗತಿಯನ್ನು ಮರೆಯುವಂತಿಲ್ಲ. ಅಲ್ಲಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು, ಸ್ವತಃ ಶಾಲೆ ಕಲಿಯಲಾಗದವರು, 2011ರಲ್ಲಿ ಸಾರ್ವಜನಿಕರಿಗಾಗಿ ಗ್ರಂಥಾಲಯ ತೆರೆದರು. ಹನ್ನೊಂದು ಸಾವಿರ ಪುಸ್ತಕ ಸೇರಿಸಿದರು, ಅದರಲ್ಲಿ ಬಹುಪಾಲು ಕನ್ನಡದವು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಸುಟ್ಟು ಬೂದಿಯಾಯಿತು. ನಾಡಿನ ಜನ ಮರುಗಿದರು, ನೆರವಿಗೆ ನಿಂತರು. ಒಳ್ಳೆಯದೇ. ಆದರೆ ಆ ದಿನಗಳ ಸುದ್ದಿಗಳನ್ನು ತೆಗೆದು ನೋಡಿ. ಭಗವದ್ಗೀತೆಯ ಮೂರು ಸಾವಿರ ಪ್ರತಿಗಳಿದ್ದವು ಎಂಬುದೇ ಮತ್ತೆ ಮತ್ತೆ ತಲೆಬರಹ. ಮುಸಲ್ಮಾನನ ಗ್ರಂಥಾಲಯದಲ್ಲಿ ಗೀತೆ! ಇದರಲ್ಲಿ ಆಶ್ಚರ್ಯಪಡುವಂಥದ್ದೇನಿದೆ? ಓದುವ ಜನ ಬರುವ ಕಡೆ ಓದುವ ಪುಸ್ತಕ ಇರುತ್ತದೆ. ಉಳಿದ ಸಾವಿರಾರು ಪುಸ್ತಕಗಳಲ್ಲಿ ಯಾವ ಕಾದಂಬರಿಯನ್ನು ಜನ ಕೇಳಿ ಕೇಳಿ ಒಯ್ಯುತ್ತಿದ್ದರು, ದಿನಪತ್ರಿಕೆ ಓದಲು ಬರುತ್ತಿದ್ದ ಕೂಲಿಕಾರರು ಆಮೇಲೆ ಯಾವ ಪುಸ್ತಕ ಹಿಡಿದರು ಎಂದು ವಿಚಾರಿಸಿದ ವರದಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಗ್ರಂಥಾಲಯ ಕಟ್ಟಿದ ಮನುಷ್ಯನನ್ನೂ ಕೊನೆಗೆ ಸೌಹಾರ್ದದ ಕಪಾಟಿಗೆ ಸೇರಿಸಿ ಬೀಗ ಹಾಕಿದರು.

ಬಾನು ಮುಷ್ತಾಕ್ ಅವರಿಗೆ ಆದದ್ದೂ ಬೇರೆಯಲ್ಲ. 2025ರ ಮೇ ತಿಂಗಳಲ್ಲಿ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಅನುವಾದಕಿ ದೀಪಾ ಭಾಸ್ತಿಯವರ ಜೊತೆ ಅವರ ಫೋಟೋ ಎಲ್ಲ ಕಡೆ ಬಂತು. ಕೆಲವೇ ತಿಂಗಳಲ್ಲಿ ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದೇ ತಪ್ಪು ಎಂದು ಸುಪ್ರೀಂ ಕೋರ್ಟಿನವರೆಗೂ ಹೋದರು, ಅರ್ಜಿ ವಜಾ ಆಯಿತು. ಹೊಗಳಿದವರಲ್ಲೂ ತೆಗಳಿದವರಲ್ಲೂ ಕತೆ ಓದಿದವರು ಎಷ್ಟು? 'ಮುಸ್ಲಿಂ ಹೆಣ್ಣುಮಕ್ಕಳ ಬದುಕಿನ ಕತೆಗಳು' ಎಂದು ಒಂದು ಸಾಲಿನಲ್ಲಿ ಕಟ್ಟಿಹಾಕಿದರು. ನಮ್ಮ ಬಳಗದಲ್ಲಿ ಆ ಕತೆಗಳನ್ನು ಅತಿ ಹೆಚ್ಚು ಹಚ್ಚಿಕೊಂಡು ಓದಿದವರು ಮುಸ್ಲಿಮರಲ್ಲ, ಹೆಂಗಸರೂ ಅಲ್ಲ. ಚಾಂಪಿಯನ್ ರೀಫ್ಸ್‌ನ ಕ್ರೈಸ್ತ ಮನೆತನದ ನಿವೃತ್ತ ಫಿಟ್ಟರ್ ಒಬ್ಬರು. ಅತ್ತೆ, ಸೊಸೆ, ಮುತವಲ್ಲಿ, ವಕೀಲರ ನೋಟೀಸು, ಇವೆಲ್ಲ ನಮ್ಮ ಲೈನಿನಲ್ಲೂ ಇದ್ದವರೇ, ಮುತವಲ್ಲಿ ಬದಲು ನಮಗೆ ಪಾದ್ರಿ ಅಷ್ಟೇ ಎಂದು ಅವರು ನಕ್ಕರು. ವಿಮರ್ಶೆ ಅಂದರೆ ಇದು.

ನಮಗೆ ಎದುರು ಹೇಳುವವರಿದ್ದಾರೆ. ಅದರಲ್ಲಿ ಒಂದು ಮಾತಿಗೆ ತೂಕವಿದೆ. ಕಂಡಕಂಡದ್ದನ್ನೆಲ್ಲ ಓದುವವನು ಯಾವುದನ್ನೂ ಆಳವಾಗಿ ಓದುವುದಿಲ್ಲ, ಪುಸ್ತಕದ ಹೆಸರುಗಳನ್ನು ಎಣಿಸುತ್ತಾನೆ ಅಷ್ಟೆ ಎಂಬ ಮಾತು. ಅಂಥವರು ಇಲ್ಲವೆಂದಲ್ಲ. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಪಂದ್ಯ ಕಟ್ಟಿ ಓದುವುದು ನಮಗೂ ಹಿಡಿಸುವುದಿಲ್ಲ. ಆದರೆ ಆಳ ಬರುವುದು ಕಪಾಟನ್ನು ಕಿರಿದು ಮಾಡುವುದರಿಂದಲೇ? ಶಿವರಾಮ ಕಾರಂತರು ಕಾದಂಬರಿ ಬರೆದರು, ಯಕ್ಷಗಾನ ಕಟ್ಟಿದರು, ಮಕ್ಕಳಿಗೆ 'ಬಾಲಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಬರೆದರು. ಅವರನ್ನು ಮೇಲುಮೇಲಿನ ಮನುಷ್ಯ ಎನ್ನುವ ಧೈರ್ಯ ಯಾರಿಗಿದೆ? ಒಂದು ಜೀವಮಾನವೆಲ್ಲ ಒಂದೇ ಬಗೆಯ ಪುಸ್ತಕ ಓದಿ ಅದರಿಂದ ಬೇರೆಯವರನ್ನು ಬೈಯುವುದನ್ನಷ್ಟೇ ಕಲಿತವರನ್ನೂ ನಾವು ನೋಡಿದ್ದೇವೆ.

ಇನ್ನೊಂದು ವಾದ ಮೊಬೈಲಿನದು. ಹುಡುಗರ ಕೈಗೆ ಫೋನು ಬಂತು, ಪುಸ್ತಕ ಹೋಯಿತು ಎಂದು. ಮಾರಿಕುಪ್ಪಂ ರೈಲಿನಲ್ಲಿ ದಿನಾ ಹೋಗುವವರ ಕೈಯಲ್ಲಿ ಫೋನು ಇದೆ, ನಿಜ. ನಾಲ್ಕು ಗಂಟೆಯ ಆ ಪ್ರಯಾಣಕ್ಕೆ ಒಂದು ಪುಸ್ತಕ ಕೊಟ್ಟು ನೋಡಿದವರು ಯಾರು? ನಾವು ಕೊಟ್ಟು ನೋಡಿದೆವು. ಒಬ್ಬ ಹುಡುಗ ನರಸಿಂಹಯ್ಯನವರ ಕಾದಂಬರಿಯನ್ನು ವೈಟ್‌ಫೀಲ್ಡ್ ಬರುವುದರೊಳಗೆ ಅರ್ಧ ಮುಗಿಸಿ, ಮರುದಿನ ಇನ್ನೊಂದು ಕೇಳಿದ. ಇನ್ನೊಬ್ಬ ಹಾಗೆಯೇ ವಾಪಸು ಕೊಟ್ಟ. ಅಷ್ಟಕ್ಕೆ ಓದಿನ ಸಾವನ್ನು ಸಾರುವುದು ಸೋಮಾರಿತನ.

ನಾವು ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ನಮ್ಮ ತೆರಿಗೆಯ ಆರು ರೂಪಾಯಿ ಎಲ್ಲಿಗೆ ಹೋಯಿತು ಎಂದು ವರ್ಷಕ್ಕೊಮ್ಮೆ ಗ್ರಂಥಾಲಯದ ಗೋಡೆಯ ಮೇಲೆ ಬರೆದು ಅಂಟಿಸಿ. ಕಪಾಟುಗಳ ಬೀಗ ತೆಗೆಯಿರಿ. ಒಂದೆರಡು ಪುಸ್ತಕ ಕಳುವಾದರೆ ಆಗಲಿ, ಕಳುವಾದ ಪುಸ್ತಕವನ್ನು ಯಾರೋ ಓದುತ್ತಿದ್ದಾರೆ ಎಂದಾದರೂ ನಂಬಬಹುದು, ಬೀಗದ ಹಿಂದಿನದನ್ನು ಗೆದ್ದಲು ಓದುತ್ತದೆ. ಈ ಊರಿನ ಗ್ರಂಥಾಲಯಕ್ಕೆ ಕನ್ನಡದ ಜೊತೆ ತಮಿಳು, ಉರ್ದು, ತೆಲುಗು ಪುಸ್ತಕಗಳನ್ನೂ ತರಿಸಿ. ತರಿಸುವ ಮುಂಚೆ ಇಲ್ಲಿ ಓದುವವರನ್ನು ಕರೆದು ಕೇಳಿ. ಪತ್ತೇದಾರಿ ಕಾದಂಬರಿಯನ್ನು ಸೂಫಿಗಳ ಪಕ್ಕದಲ್ಲಿಡಲು ನಾಚಬೇಡಿ.

ಮತ್ತು 'ತಮಿಳನ್'. ಅಯೋತ್ತಿದಾಸರ ಸಂಪುಟಗಳು, ಅಪ್ಪಾದುರೈಯವರ ಕಾಲದ ಗಣಿಯ ಸಂಚಿಕೆಗಳು ಕನ್ನಡಕ್ಕೆ ಬರಬೇಕು. ಅಕಾಡೆಮಿಗಳಿವೆ, ಭಾಷಾ ಭಾರತಿಯ ಪ್ರಾಧಿಕಾರವಿದೆ, ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ ಪೀಠಗಳಿವೆ. ಜನ ಸಿಗುವುದಿಲ್ಲ ಎಂಬ ನೆಪ ನಡೆಯದು. ತಮಿಳಿನಲ್ಲಿ ಓದಿ ಕನ್ನಡದಲ್ಲಿ ಬರೆಯಬಲ್ಲ ಮೂವರು ನಮ್ಮ ಬಳಗದಲ್ಲೇ ಇದ್ದಾರೆ. ಒಬ್ಬರು ಈಗಾಗಲೇ ನೋಟ್‌ಬುಕ್ಕಿನಲ್ಲಿ ಶುರು ಮಾಡಿದ್ದಾರೆ, ದಿನಕ್ಕೆ ಒಂದು ಪುಟ, ರೈಲಿನಲ್ಲಿ ಸೀಟು ಸಿಕ್ಕ ದಿನ ಎರಡು.